ಹೆಂಚು ಕೈಯಾಡಿಸುವ ಕಾಲ

ಹಳ್ಳಿಯ ಮನೆಯಲ್ಲಿ ಬೆಳೆದವರಿಗೆ ‘ಹೆಂಚು ಕೈಯಾಡಿಸುವುದು’ ಎಂಬ ಮಾತು ಹೊಸದಲ್ಲ. ಮುಂಗಾರು ಬೀಳುವುದಕ್ಕೆ ಇನ್ನು ಹದಿನೈದು ದಿನವಿದೆ ಎನ್ನುವಾಗ ಮನೆಯ ಯಜಮಾನನು ಒಂದು ಬೆಳಗ್ಗೆ ಗೋಡೆಗೆ ಏಣಿ ಚಾಚಿ ಮಾಡಿನ ಮೇಲೆ ಹತ್ತುತ್ತಾನೆ. ಒಡೆದ ಹೆಂಚನ್ನು ತೆಗೆದು ಬೇರೆಯದನ್ನು ಕೂಡಿಸುತ್ತಾನೆ. ಜಾರಿದ್ದನ್ನು ಮೇಲಕ್ಕೆ ಸರಿಸುತ್ತಾನೆ. ಸಂದುಗಳಲ್ಲಿ ಕೊಳೆತ ಎಲೆಯನ್ನೂ ಅಳಿಲು ಸೇರಿಸಿಟ್ಟ ನಾರನ್ನೂ ಬಳಿದು ಕೆಳಕ್ಕೆ ಹಾಕುತ್ತಾನೆ. ಸಂಜೆಯ ಹೊತ್ತಿಗೆ ಕೆಲಸ ಮುಗಿಯುತ್ತದೆ. ಹೊಸದಾಗಿ ಏನನ್ನೂ ಕಟ್ಟಿದ್ದಿಲ್ಲ, ಇದ್ದುದನ್ನು ಕೆಡವಿದ್ದೂ ಇಲ್ಲ. ನೋಡುವವರಿಗೆ ಮನೆ ನಿನ್ನೆ ಇದ್ದಂತೆಯೇ ಇಂದೂ ಕಾಣುತ್ತದೆ. ಆದರೆ ಆ ಒಂದು ದಿನದ ದುಡಿಮೆಯಿಂದ ಮನೆಯ ಆಯುಷ್ಯಕ್ಕೆ ಒಂದು ವರ್ಷ ಕೂಡಿರುತ್ತದೆ.

ನಮ್ಮೂರಿನ ಪ್ರಾಥಮಿಕ ಶಾಲೆಯಲ್ಲಿ ಈ ಕೆಲಸದ ಮುಂದಾಳು ನನ್ನ ತಂದೆಯವರು. ಅವರು ಅಲ್ಲಿ ಉಪಾಧ್ಯಾಯರಾಗಿದ್ದರು. ಬೇಸಗೆಯ ರಜೆ ಮುಗಿಯುತ್ತ ಬಂದಾಗ ಊರಿನ ನಾಲ್ಕೈದು ಗಂಡಸರೂ ದೊಡ್ಡ ತರಗತಿಯ ಹತ್ತು ಹನ್ನೆರಡು ಹುಡುಗರೂ ಸೇರುತ್ತಿದ್ದರು. ತಂದೆಯವರು ಪಂಚೆಯನ್ನು ಎತ್ತಿ ಕಟ್ಟಿ ಮಾಡು ಹತ್ತುವರು. ನಾವು ಸಾಲಾಗಿ ನಿಂತು ಕೈಯಿಂದ ಕೈಗೆ ಹೆಂಚು ದಾಟಿಸುವೆವು. ಹೆಂಚಿನ ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಹೆಸರು ಇಂಗ್ಲಿಷಿನಲ್ಲಿ ಅಚ್ಚೊತ್ತಿರುತ್ತಿತ್ತು. ನಾನು ಕೂಡಿಸಿಕೊಂಡು ಓದಿದ ಮೊದಲ ಇಂಗ್ಲಿಷ್ ಅಕ್ಷರಗಳು ಬಹುಶಃ ಅವೇ ಇರಬೇಕು. ಮಧ್ಯಾಹ್ನಕ್ಕೆ ಯಾರದೋ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಶಾಲೆ ತೆರೆದ ಮೇಲೆ ಮೊದಲ ಮಳೆ ಸುರಿದಾಗ ನಾವು ತಲೆಯೆತ್ತಿ ಸೂರನ್ನೇ ನೋಡುತ್ತ ಕುಳಿತಿರುತ್ತಿದ್ದೆವು. ಎಲ್ಲಿಯೂ ಹನಿ ತೊಟ್ಟಿಕ್ಕದಿದ್ದರೆ ಅದು ನಮ್ಮದೇ ಗೆಲುವು.

ಈ ನೆನಪು ಮರುಕಳಿಸಲು ಕಾರಣವಾದದ್ದು ಈಚಿನ ಒಂದು ಪ್ರಸಂಗ. ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದವರು ಕಳೆದ ಬೇಸಗೆಯಲ್ಲಿ ಒಂದು ಸಭೆ ಕರೆದರು. ಕಲ್ಲಿನ ತಳಪಾಯ, ಮಣ್ಣಿನ ದಪ್ಪ ಗೋಡೆ, ಹೆಂಚಿನ ಮಾಡು ಇರುವ ಐದು ಕೋಣೆಗಳ ಹಳೆಯ ಕಟ್ಟಡವನ್ನು ಪೂರ್ತಿಯಾಗಿ ಕೆಡವಿ, ಆ ಜಾಗದಲ್ಲಿ ತಾರಸಿಯ ಎರಡಂತಸ್ತಿನ ಹೊಸ ಕಟ್ಟಡವನ್ನು ಎಬ್ಬಿಸಬೇಕೆಂಬುದು ಅವರ ಸಂಕಲ್ಪ. ಬೆಂಗಳೂರಿನಲ್ಲಿಯೂ ಹೊರದೇಶದಲ್ಲಿಯೂ ನೆಲೆಸಿರುವ ನಮ್ಮೂರವರು ಹಣ ಕೊಡಲು ಮುಂದೆ ಬಂದಿದ್ದರು. ನಾನು ಕನ್ನಡ ಪಾಠ ಹೇಳುವವನಾದ್ದರಿಂದ ದಾನಿಗಳಿಗೆ ವಿನಂತಿಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರೆಯುವ ಮುನ್ನ ಶಾಲೆಯನ್ನೊಮ್ಮೆ ಕಣ್ಣಾರೆ ನೋಡಿ ಬರೋಣವೆಂದು ಹೊರಟೆ.

ಹೋಗುವಾಗ ಮನಸ್ಸಿನಲ್ಲಿ ಒಂದು ಅಳುಕಿತ್ತು. ತಂದೆಯವರು ತೀರಿಕೊಂಡ ಮೇಲೆ, 2009ರಲ್ಲಿ, ಅವರ ನೆನಪಿಗಾಗಿ ನಾವು ಅಣ್ಣತಮ್ಮಂದಿರು ಆ ಶಾಲೆಗೆ ಒಂದು ತಾರಸಿಯ ಕೋಣೆಯನ್ನು ಕಟ್ಟಿಸಿಕೊಟ್ಟಿದ್ದೆವು. ಬಾಗಿಲ ಪಕ್ಕದಲ್ಲಿ ಕಪ್ಪುಕಲ್ಲಿನ ಫಲಕ; ಅದರ ಮೇಲಿನ ನಾಲ್ಕು ಸಾಲುಗಳನ್ನು ನಾನೇ ಬರೆದದ್ದು. ಉದ್ಘಾಟನೆಯ ದಿನ ಹೂವಿನ ಹಾರ, ಭಾಷಣ, ಸಿಹಿಯೂಟ ಎಲ್ಲವೂ ನಡೆಯಿತು. ಅದಾದ ಮೇಲೆ ಆ ಕೋಣೆಯನ್ನು ನಾನು ನೋಡಿದ್ದು ಎಷ್ಟು ಸಲ? ಎರಡು ಸಲ, ಅದೂ ಹೊರಗಿನಿಂದ.

ಮುಖ್ಯೋಪಾಧ್ಯಾಯಿನಿಯವರು ಬೀಗ ತೆಗೆದು ತೋರಿಸಿದರು. ಒಳಗೆ ಪಾಠ ನಡೆಯುತ್ತಿರಲಿಲ್ಲ. ಮುರಿದ ಬೆಂಚು, ಹಳೆಯ ಪಠ್ಯಪುಸ್ತಕದ ಕಟ್ಟು, ಬಿಸಿಯೂಟದ ಖಾಲಿ ಚೀಲಗಳು ತುಂಬಿದ್ದವು. ಛಾವಣಿಯ ಒಂದು ಮೂಲೆಯಲ್ಲಿ ಗಾರೆ ಕಳಚಿ ಬಿದ್ದು, ತುಕ್ಕು ಹಿಡಿದ ಕಬ್ಬಿಣದ ಸರಳುಗಳು ಪಕ್ಕೆಲುಬಿನಂತೆ ಹೊರಗೆ ಕಾಣುತ್ತಿದ್ದವು. “ಬೇಸಗೆಯಲ್ಲಿ ಒಲೆಯ ಹಾಗೆ ಕಾಯುತ್ತೆ ಸಾರ್, ಮಳೆಗಾಲದಲ್ಲಿ ಸೋರುತ್ತೆ. ಮಕ್ಕಳನ್ನ ಹಳೇ ಕಟ್ಟಡದ ಜಗಲಿಗೇ ಕೂರಿಸ್ತೀವಿ” ಎಂದರು. ಅವರ ಮಾತಿನಲ್ಲಿ ದೂರು ಇರಲಿಲ್ಲ. ದೂರಿದ್ದರೆ ನನಗೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ.

ಕೋಣೆ ಹೀಗೇಕಾಯಿತು? ನಮ್ಮೊಂದಿಗೆ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ನಿವೃತ್ತ ಇಂಜಿನಿಯರು. ಯಾರದೋ ಮನೆಯಿಂದ ಏಣಿ ತರಿಸಿ ತಾರಸಿಯ ಮೇಲೆ ಹತ್ತಿ ನೋಡಿ, ಇಳಿದು ಬಂದು ಹೇಳಿದ ಕಾರಣ ಬಹಳ ಸಣ್ಣದು. ಶಾಲೆಯ ಅಂಗಳದಲ್ಲಿ ಒಂದು ದೊಡ್ಡ ಹೊಂಗೆಯ ಮರವಿದೆ. ಅದರ ಎಲೆ ತಾರಸಿಯ ಮೇಲೆ ಉದುರಿ, ನೀರು ಹೊರಗೆ ಹೋಗುವ ಕಿಂಡಿಯನ್ನು ಮುಚ್ಚಿತ್ತು. ನೀರು ನಿಂತಿತು; ನಿಂತ ನೀರು ಸಿಮೆಂಟಿನ ಸಣ್ಣ ಬಿರುಕುಗಳಲ್ಲಿ ಇಳಿಯಿತು; ಒಳಗಿನ ಕಬ್ಬಿಣಕ್ಕೆ ತುಕ್ಕು ಹಿಡಿಯಿತು. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗವನ್ನು ಬೇಡುತ್ತದೆ; ಹಾಗೆ ಉಬ್ಬಿ, ತನ್ನನ್ನು ಕಾಯುತ್ತಿದ್ದ ಗಾರೆಯನ್ನೇ ಒಡೆದು ಕೆಡವುತ್ತದೆ. ವರ್ಷಕ್ಕೆರಡು ಬಾರಿ ಯಾರಾದರೂ ಮೇಲೆ ಹತ್ತಿ ಒಂದು ಬುಟ್ಟಿ ಎಲೆ ಬಳಿದಿದ್ದರೆ ಸಾಕಾಗಿತ್ತು. ಆದರೆ ಹತ್ತುವುದು ಹೇಗೆ? ಫಲಕಕ್ಕೆ ಹಣ ತೆಗೆದಿರಿಸಿದ್ದ ನಾವು ಏಣಿಗೆ ತೆಗೆದಿರಿಸಿರಲಿಲ್ಲ.

ಹಾಗೆಂದು ಹಳೆಯ ಕಟ್ಟಡ ಸುಖವಾಗಿತ್ತೆಂದು ಹೇಳಲಾರೆ. ತಂದೆಯವರ ಕಾಲ ಮುಗಿದ ಮೇಲೆ ಅಲ್ಲಿ ಹೆಂಚು ಕೈಯಾಡಿಸುವವರಿಲ್ಲ. ಪಡುವಣ ಭಾಗದ ಎರಡು ಕೋಣೆಗಳ ಗೋಡೆಯ ಬುಡ ನೀರು ಕುಡಿದು ಉಬ್ಬಿತ್ತು. ತೊಲೆಯನ್ನು ಇಂಜಿನಿಯರು ಕಬ್ಬಿಣದ ಮೊಳೆಯಿಂದ ಚುಚ್ಚಿದರೆ ಗೆದ್ದಲು ತಿಂದ ಪುಡಿ ಉದುರಿತು. ಒಂದು ಕಟ್ಟಡ ಹಳೆಯದು, ಒಂದು ಹೊಸದು; ಒಂದು ಮಣ್ಣಿನದು, ಒಂದು ಸಿಮೆಂಟಿನದು. ಎರಡಕ್ಕೂ ಬಂದ ರೋಗ ಮಾತ್ರ ಒಂದೇ. ಈ ಸಂಗತಿ ಮನಸ್ಸಿಗೆ ಹೊಳೆದ ಮೇಲೆ ನಾನು ಬರೆಯಬೇಕಾಗಿದ್ದ ವಿನಂತಿಪತ್ರ ಮುಂದೆ ಸಾಗಲಿಲ್ಲ.

‘ಸುಸ್ಥಿರ’ ಎಂಬ ಪದ ಈಗ ಎಲ್ಲ ಸುತ್ತೋಲೆಗಳಲ್ಲಿಯೂ ಕಾಣಸಿಗುತ್ತದೆ. 1987ರಲ್ಲಿ ವಿಶ್ವಸಂಸ್ಥೆಯ ಆಯೋಗವೊಂದು ಅದಕ್ಕೆ ಒಂದು ಅರ್ಥವನ್ನು ನಿರೂಪಿಸಿತು: ಮುಂದಿನ ಪೀಳಿಗೆಯವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದಕ್ಕೆ ಅಡ್ಡಿಯಾಗದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದು. ಮಾತು ಒಪ್ಪತಕ್ಕದ್ದೇ. ಆದರೆ ನಮ್ಮ ಜನ ಸಂತೆಯಲ್ಲಿ ಕೊಡವನ್ನೋ ಬಟ್ಟೆಯನ್ನೋ ಕೊಳ್ಳುವಾಗ ಕೇಳುವ ಪ್ರಶ್ನೆಯಲ್ಲಿಯೇ ಈ ಭಾವವಿದೆ: “ಬಾಳಿಕೆ ಬರುತ್ತದೆಯೇ?” ‘ಬಾಳು’ ಎಂಬ ಧಾತುವಿನಿಂದ ಹುಟ್ಟಿದ ಮಾತು ಇದು. ವಸ್ತು ಗಟ್ಟಿಯಾಗಿದ್ದರೆ ಸಾಲದು. ಅದು ನಮ್ಮೊಡನೆ ಬಾಳಬೇಕು. ಬಾಳುವುದೆಂದರೆ ದಿನದಿನದ ಉಪಚಾರ, ಆಗಾಗಿನ ಚಿಕಿತ್ಸೆ ಇದ್ದೇ ಇರುತ್ತವೆ. ಉಪಚಾರವೇ ಬೇಡದ ಕಟ್ಟಡವನ್ನು ಯಾವ ಇಂಜಿನಿಯರೂ ಇದುವರೆಗೆ ಕಟ್ಟಿದಂತೆ ಕಾಣೆ.

ನಮ್ಮ ಪೂರ್ವಿಕರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಸಮಾಸ ಮತ್ತೆ ಮತ್ತೆ ಎದುರಾಗುತ್ತದೆ. ಬಸದಿಗೋ ದೇಗುಲಕ್ಕೋ ಭೂಮಿಯನ್ನು ಬಿಡುವಾಗ, ಪೂಜೆಗಿಷ್ಟು, ಆಹಾರದಾನಕ್ಕಿಷ್ಟು ಎಂದು ಹೇಳಿ, ಒಡೆದದ್ದನ್ನೂ ಬಿರುಕುಬಿಟ್ಟದ್ದನ್ನೂ ಸರಿಪಡಿಸುವುದಕ್ಕೆಂದು ಅದೇ ಉಸಿರಿನಲ್ಲಿ ಸೇರಿಸುತ್ತಿದ್ದರು. ಕಟ್ಟಡ ಹೊಚ್ಚ ಹೊಸದಾಗಿರುವಾಗಲೇ ಅದು ಮುಂದೆ ಒಡೆಯುತ್ತದೆ ಎಂದು ಕಲ್ಲಿನ ಮೇಲೆ ಬರೆಯಿಸಲು ಎಷ್ಟು ವಿವೇಕ ಬೇಕು! ವಿದ್ಯಾರ್ಥಿಯಾಗಿದ್ದಾಗ ಈ ಮಾತನ್ನು ನಾನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ತುಕ್ಕು ಹಿಡಿದ ಆ ಸರಳುಗಳ ಕೆಳಗೆ ನಿಂತಾಗ.

ಶಾಲೆಗೇ ಸಂಬಂಧಿಸಿದ ಶಾಸನವೂ ನಮ್ಮಲ್ಲಿದೆ. ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿ ಹಿಂದೆ ಪಾವಿಟ್ಟಗೆ ಎನಿಸಿಕೊಂಡಿದ್ದ ಅಗ್ರಹಾರ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ಒಂದು ಶಾಲೆಯನ್ನು ಕಟ್ಟಿಸಿದನೆಂದು 945ರ ಶಾಸನ ತಿಳಿಸುತ್ತದೆ. ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗಾಗಿ 27 ಮನೆಗಳು ಅಲ್ಲಿದ್ದುವಂತೆ. ಆದರೆ ಶಾಸನ ಕಟ್ಟಡದ ವರ್ಣನೆಗೆ ನಿಲ್ಲುವುದಿಲ್ಲ. ಉಪಾಧ್ಯಾಯನ ಜೀವನಕ್ಕೆ ಭೂಮಿ, ದೀಪದ ವೆಚ್ಚಕ್ಕೆ ಬೇರೆಯೇ ಭೂಮಿ. ಅಷ್ಟೇ ಅಲ್ಲದೆ ಊರಿನವರು ಮದುವೆಯ ಸಂದರ್ಭದಲ್ಲಿ ಇಷ್ಟು, ಉಪನಯನಕ್ಕೆ ಅದರ ಅರ್ಧ, ಚೌಲಕ್ಕೆ ಮತ್ತೆ ಅದರ ಅರ್ಧ ಎಂದು ಶಾಲೆಗೆ ಕಾಣಿಕೆ ಸಲ್ಲಿಸಬೇಕೆಂಬ ಕಟ್ಟಳೆ. ಮಂತ್ರಿಯ ದಾನ ಒಂದು ದಿನದ್ದು. ಊರವರ ಕಾಣಿಕೆ ವರ್ಷವರ್ಷದ್ದು. ಶಾಲೆ ನಡೆಯುವುದು ಎರಡನೆಯದರಿಂದ. ಆ ಶಾಲೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ, ಹೆಣ್ಣುಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಮರೆಯಬಾರದು. ಅವರ ಮಿತಿಯನ್ನು ಬಿಟ್ಟು ಅವರ ದೂರದೃಷ್ಟಿಯನ್ನು ಇಟ್ಟುಕೊಳ್ಳುವುದು ನಮ್ಮ ಕರ್ತವ್ಯ. 2009ರ ಶಿಕ್ಷಣ ಹಕ್ಕು ಕಾಯಿದೆ ಉಪಾಧ್ಯಾಯರಿಗೊಂದು ಕೋಣೆ, ಕುಡಿಯುವ ನೀರು, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ, ಅಡುಗೆಮನೆ, ಆಟದ ಬಯಲು, ಅಂಗವಿಕಲ ಮಗುವೂ ತಡೆಯಿಲ್ಲದೆ ಒಳಗೆ ಬರುವಂಥ ದಾರಿ ಇರಬೇಕೆಂದು ವಿಧಿಸಿತು. ಪಟ್ಟಿಯಲ್ಲಿರುವುದೆಲ್ಲ ಬೇಕಾದದ್ದೇ. ಆದರೆ ಇರುವುದು ಬೇರೆ, ಇದ್ದು ಬಳಕೆಗೆ ಒದಗುವುದು ಬೇರೆ. ನೀರಿಲ್ಲದ ಶೌಚಾಲಯ ಎಣಿಕೆಗೆ ಸಿಕ್ಕುತ್ತದೆ. ಹನ್ನೆರಡು ವರ್ಷದ ಹುಡುಗಿಗೆ ಅದರಿಂದ ಉಪಯೋಗವಿಲ್ಲ.

ಹಾಗಾದರೆ ಶಾಲೆಯನ್ನು ಹೇಗೆ ಕಟ್ಟಬೇಕು, ಇದ್ದುದನ್ನು ಹೇಗೆ ಉತ್ತಮಗೊಳಿಸಬೇಕು? ಈ ವಿಷಯದಲ್ಲಿ ನಾನು ಪಂಡಿತನಲ್ಲ. ಆದರೂ ಆ ಇಂಜಿನಿಯರ ಬೆನ್ನು ಹತ್ತಿ ಎರಡು ತಿಂಗಳು ಅಲೆದು, ಕಂಡದ್ದನ್ನೂ ಓದಿದ್ದನ್ನೂ ಕೂಡಿಸಿ ತಿಳಿದುಕೊಂಡ ಕೆಲವು ಸಂಗತಿಗಳನ್ನು ಓದುಗರ ಮುಂದಿಡುತ್ತೇನೆ.

ಮೊದಲನೆಯದು ಸೆಕೆಯ ವಿಚಾರ. ಹೆಂಚಿನ ಮಾಡಿನಲ್ಲಿ ಹೆಂಚಿಗೂ ಹೆಂಚಿಗೂ ನಡುವೆ ಸಣ್ಣ ಸಂದುಗಳಿರುತ್ತವೆ. ಕಾದು ಮೇಲೇರಿದ ಗಾಳಿ ಅಲ್ಲಿಂದ ಹೊರಬೀಳುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ತಯಾರಿಸತೊಡಗಿದ ಆ ಕೆಂಪು ಹೆಂಚು ಮಳೆ ಬಿಸಿಲುಗಳೆರಡಕ್ಕೂ ತಕ್ಕುದೆಂದು ಕಂಡುಬಂದುದರಿಂದಲೇ ದೇಶದ ಉದ್ದಗಲಕ್ಕೂ ಹರಡಿತು. ಕಾಂಕ್ರೀಟಿನ ತಾರಸಿಯಾದರೋ ಹಗಲೆಲ್ಲ ಬಿಸಿಲನ್ನು ಹೀರಿ, ಮಧ್ಯಾಹ್ನದ ಮೇಲೆ ಅದನ್ನು ಕೆಳಗೆ ಕುಳಿತವರ ತಲೆಯ ಮೇಲೆ ಬಿಡುತ್ತದೆ. ಆದರೆ ಇದಕ್ಕೂ ಮದ್ದಿದೆ. ತಾರಸಿಯ ಮೇಲೆ ವರ್ಷಕ್ಕೊಮ್ಮೆ ಬಿಳಿ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಹಿಂದಿರುಗಿ ಹೋಗುತ್ತದೆ. ಎದುರುಬದುರು ಗೋಡೆಗಳಲ್ಲಿ ಕಿಟಕಿಯಿದ್ದು, ಛಾವಣಿಯ ಹತ್ತಿರ ಗವಾಕ್ಷಿಗಳಿದ್ದರೆ ಬಿಸಿಗಾಳಿ ನಿಲ್ಲುವುದಿಲ್ಲ. ಹೊಸದಾಗಿ ಕಟ್ಟುವಾಗ ಉದ್ದನೆಯ ಗೋಡೆಗಳು ತೆಂಕಣ ಬಡಗಣಕ್ಕೆ ಮುಖ ಮಾಡಿದ್ದರೆ ಒಳ್ಳೆಯದು. ಮೂಡಣ ಪಡುವಣಗಳ ಬಿಸಿಲು ಓರೆಯಾಗಿ ಬೀಳುವುದರಿಂದ ಅದನ್ನು ಯಾವ ಸೂರೂ ತಡೆಯಲಾರದು. ಇವಕ್ಕೆಲ್ಲ ತಗಲುವ ವೆಚ್ಚ ಅಲ್ಪ. ತಗಲಬೇಕಾದ ಯೋಚನೆ ಮಾತ್ರ ಮೊದಲೇ ತಗಲಬೇಕು.

ಎರಡನೆಯದು ಸಾಮಗ್ರಿಯ ವಿಚಾರ. ಸುಣ್ಣದ ಕಲ್ಲನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟು ಸಿಮೆಂಟನ್ನು ತಯಾರಿಸುತ್ತಾರೆ. ಉರಿಯುವ ಕಲ್ಲಿದ್ದಲಿನಿಂದ ಮಾತ್ರವಲ್ಲ, ಕರಗುವ ಕಲ್ಲಿನಿಂದಲೂ ಇಂಗಾಲದ ಅನಿಲ ಹೊರಡುತ್ತದೆ. ಜಗತ್ತಿನಲ್ಲಿ ಮನುಷ್ಯನಿಂದ ಹೊರಬೀಳುವ ಆ ಅನಿಲದಲ್ಲಿ ನೂರಕ್ಕೆ ಏಳೆಂಟು ಪಾಲು ಸಿಮೆಂಟಿನದೆಂದು ಲೆಕ್ಕ. ಆದುದರಿಂದ ಗಟ್ಟಿಯಾಗಿರುವ ಗೋಡೆಯನ್ನು ಕೆಡವಿ ಹೊಸದನ್ನು ಎಬ್ಬಿಸುವಾಗ ನಾವು ತೆರುವ ಬೆಲೆ ನಮ್ಮ ಜಮಾಖರ್ಚಿನ ಪುಸ್ತಕದಲ್ಲಿ ಪೂರ್ತಿಯಾಗಿ ಕಾಣುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳ ಉಪಯೋಗಕ್ಕಾಗಿ ಆರಂಭವಾದ ‘ಅಸ್ತ್ರ’ ಎಂಬ ವಿಭಾಗದವರು ಮಣ್ಣಿಗೆ ಸ್ವಲ್ಪವೇ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿ, ಸುಡದೆಯೇ ಗಟ್ಟಿಯಾಗುವ ಇಟ್ಟಿಗೆಯನ್ನು ಬಹುಕಾಲ ಪರಿಶೋಧಿಸಿ ಬಳಕೆಗೆ ತಂದರು. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ (1917–2007) ಎಂಬ ವಾಸ್ತುಶಿಲ್ಪಿ, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಗೋಡೆಯೆಬ್ಬಿಸುವ ಕ್ರಮವನ್ನೂ, ಕಾಂಕ್ರೀಟಿನ ಛಾವಣಿಯ ಕೆಳಮೈಯಲ್ಲಿ ಹಳೆಯ ಮಂಗಳೂರು ಹೆಂಚನ್ನು ಹುದುಗಿಸಿ ಸಿಮೆಂಟನ್ನು ಉಳಿಸುವ ಕ್ರಮವನ್ನೂ ಪ್ರಚಾರಕ್ಕೆ ತಂದರು. ಮನೆಯನ್ನು ಐದು ಮೈಲಿಯೊಳಗೆ ದೊರೆಯುವ ಸಾಮಗ್ರಿಯಿಂದ ಕಟ್ಟಬೇಕೆಂದು ಗಾಂಧೀಜಿ ಹೇಳಿದ ಮಾತು ತಮ್ಮ ಮೇಲೆ ಪರಿಣಾಮ ಮಾಡಿತೆಂದು ಬೇಕರ್ ಹೇಳಿಕೊಳ್ಳುತ್ತಿದ್ದರು.

ಇದನ್ನೆಲ್ಲ ಸಂಘದ ಸಭೆಯಲ್ಲಿ ನಾನು ಉತ್ಸಾಹದಿಂದ ಹೇಳಿದೆ. ಹೇಳಿ ಮುಗಿಸುವಷ್ಟರಲ್ಲಿ ತರುಣನೊಬ್ಬ ಎದ್ದು ನಿಂತ. ಅವನ ಮಗಳು ಅದೇ ಶಾಲೆಯಲ್ಲಿ ಮೂರನೆಯ ತರಗತಿಯಲ್ಲಿದ್ದಾಳೆ. “ಮೇಷ್ಟ್ರೇ, ನೀವು ಪೇಟೆಯಲ್ಲಿ ತಾರಸಿ ಮನೇಲಿದೀರಿ. ನಮ್ಮ ಮಕ್ಕಳು ಮಾತ್ರ ಮಣ್ಣಿನ ಗೋಡೆ ಕೆಳಗೇ ಓದಬೇಕಾ? ಪಕ್ಕದೂರಿನ ಪ್ರೈವೇಟ್ ಸ್ಕೂಲಿನ ಬಸ್ಸು ದಿನಾ ಬೆಳಗ್ಗೆ ನಮ್ಮ ಬಾಗಿಲಿಗೇ ಬರುತ್ತೆ. ಶಾಲೆ ನೋಡೋಕೆ ಚೆನ್ನಾಗಿಲ್ಲ ಅಂದ್ರೆ ಯಾರು ಕಳಿಸ್ತಾರೆ?”

ಸಭೆ ಸ್ತಬ್ಧವಾಯಿತು. ಅವನ ಮಾತಿನಲ್ಲಿ ನಿಜವಿತ್ತು. ನಾನು ಓದುವಾಗ ಇನ್ನೂರರ ಮೇಲಿದ್ದ ಮಕ್ಕಳ ಸಂಖ್ಯೆ ಎಂಬತ್ತಕ್ಕೆ ಇಳಿದಿದೆ. ಇನ್ನೂ ಇಳಿದರೆ ಶಾಲೆ ಮತ್ತೊಂದರಲ್ಲಿ ಲೀನವಾದೀತೆಂಬ ಭಯ ಊರಿನಲ್ಲಿದೆ. ಬಡವನ ಮಗುವಿಗೆ ಚೆಲುವಾದ ಕಟ್ಟಡ ಬೇಡವೆನ್ನಲು ಯಾರಿಗೆ ಅಧಿಕಾರವಿದೆ? ಮಣ್ಣೆಂದರೆ ಬಡತನ, ಸಿಮೆಂಟೆಂದರೆ ಗೌರವ ಎಂಬ ಭಾವನೆ ಬರಿಯ ಭ್ರಮೆಯಲ್ಲ. ಅದರ ಹಿಂದೆ ತಲೆಮಾರುಗಳ ಅವಮಾನವಿದೆ. ಹಳೆಯದೆಲ್ಲ ಸುರಕ್ಷಿತವೆಂದೂ ಹೇಳುವಂತಿಲ್ಲ. ತಮಿಳುನಾಡಿನ ಕುಂಭಕೋಣದಲ್ಲಿ 2004ರ ಜುಲೈ 16ರಂದು ಶಾಲೆಯೊಂದರ ಹುಲ್ಲಿನ ಚಾವಣಿಗೆ ಬೆಂಕಿ ತಗುಲಿ 94 ಮಕ್ಕಳು ತೀರಿಕೊಂಡರು. ಶಾಲೆಗಳ ಸುರಕ್ಷತೆಯನ್ನು ಕುರಿತು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಕೊಟ್ಟ ಆದೇಶಕ್ಕೆ ಆ ದುರಂತವೇ ಹಿನ್ನೆಲೆ. ಇತ್ತ 2001ರ ಗುಜರಾತಿನ ಭೂಕಂಪದಲ್ಲಿ ಕಲ್ಲಿನ ಹಳೆಯ ಕಟ್ಟಡಗಳೂ ಉರುಳಿದವು, ಕಾಂಕ್ರೀಟಿನ ಹೊಸ ಕಟ್ಟಡಗಳೂ ಉರುಳಿದವು. ಸುರಕ್ಷತೆ ಸಾಮಗ್ರಿಯಲ್ಲಿಲ್ಲ, ಅದನ್ನು ಅರಿತು ಬಳಸುವ ಕೈಯಲ್ಲಿದೆ.

ತರುಣನಿಗೆ ಉತ್ತರವಾಗಿ ನಾನು ಒಂದು ದೂರದ ಊರಿನ ಕಥೆಯನ್ನು ಹೇಳಿದೆ. ಆಫ್ರಿಕದ ಬುರ್ಕಿನಾ ಫಾಸೊ ದೇಶದಲ್ಲಿ ಗಾಂಡೊ ಎಂಬುದೊಂದು ಹಳ್ಳಿ. ಅಲ್ಲಿ 1965ರಲ್ಲಿ ಹುಟ್ಟಿದ ಫ್ರಾನ್ಸಿಸ್ ಕೆರೆ ಎಂಬ ಹುಡುಗನು ತನ್ನೂರಿನಲ್ಲಿ ಶಾಲೆಯಿಲ್ಲದೆ ಏಳನೆಯ ವಯಸ್ಸಿನಲ್ಲಿಯೇ ಮನೆ ಬಿಟ್ಟು ಬೇರೆ ಊರಿನಲ್ಲಿ, ಗಾಳಿ ಬೆಳಕಿಲ್ಲದ ಸೆಕೆಯ ಕೋಣೆಯಲ್ಲಿ ಕುಳಿತು ಓದಬೇಕಾಯಿತು. ಮುಂದೆ ಜರ್ಮನಿಗೆ ಹೋಗಿ ವಾಸ್ತುಶಿಲ್ಪವನ್ನು ಕಲಿಯುತ್ತಿರುವಾಗಲೇ ಹಣ ಕೂಡಿಸಿ ತನ್ನೂರಿಗೆ ಒಂದು ಶಾಲೆಯನ್ನು ಕಟ್ಟಿಸಿದನು. ಮಣ್ಣಿನಿಂದ ಕಟ್ಟುತ್ತೇನೆಂದಾಗ ಊರವರು, ಮಳೆಗೆ ನಿಲ್ಲದ ಮಣ್ಣೇ ಮತ್ತೆ ಏಕೆ ಎಂದು ಸಂದೇಹಪಟ್ಟರು. ಆದರೂ ಅವರೇ ಕಲ್ಲು ಹೊತ್ತರು, ಮಣ್ಣು ತುಳಿದರು, ನೆಲ ಬಡಿದರು. ಸಿಮೆಂಟು ಬೆರೆಸಿದ ಮಣ್ಣಿನ ಇಟ್ಟಿಗೆಯ ಗೋಡೆ. ಮಳೆ ತಾಕದಂತೆ ಹೊರಕ್ಕೆ ಚಾಚಿದ ತಗಡಿನ ಮಾಡು. ಒಳಛಾವಣಿಗೂ ತಗಡಿಗೂ ನಡುವೆ ಗಾಳಿಯಾಡುವ ಬಿಡುವು. 2001ರಲ್ಲಿ ಮುಗಿದ ಆ ಶಾಲೆಗೆ 2004ರಲ್ಲಿ ಆಗಾ ಖಾನ್ ಪ್ರಶಸ್ತಿ ಬಂತು. 2022ರಲ್ಲಿ ಕೆರೆಯವರಿಗೆ ವಾಸ್ತುಶಿಲ್ಪದ ಅತ್ಯುನ್ನತ ಗೌರವವಾದ ಪ್ರಿಟ್ಜ್‌ಕರ್ ಪ್ರಶಸ್ತಿಯೂ ಸಂದಿತು. ಆ ಮಣ್ಣಿಗೆ ಗೌರವ ಬಂದದ್ದು ಅದು ಹಳೆಯದೆಂಬ ಕಾರಣದಿಂದಲ್ಲ, ಅದನ್ನು ಬುದ್ಧಿಯಿಂದ ದುಡಿಸಿಕೊಂಡದ್ದರಿಂದ. ಕಟ್ಟಿದವರೇ ಊರವರಾದ್ದರಿಂದ, ಕೆಟ್ಟರೆ ರಿಪೇರಿ ಮಾಡುವುದೂ ಅವರಿಗೆ ತಿಳಿದಿತ್ತು.

“ಕಥೆ ಚೆನ್ನಾಗಿದೆ. ನಮ್ಮೂರಲ್ಲಿ ರಿಪೇರಿ ಮಾಡೋರು ಯಾರು?” ಎಂದ ತರುಣ. ಅದೇ ಸರಿಯಾದ ಪ್ರಶ್ನೆ. ಸಭೆ ನಿಜವಾಗಿ ಆರಂಭವಾದದ್ದು ಅಲ್ಲಿಂದ.

ಶಾಲೆಯ ಹಿತ್ತಲಿನಲ್ಲಿ ಹಿಂದೆ ಊರವರೇ ಕಟ್ಟಿಸಿದ ಒಂದು ಮಳೆನೀರಿನ ತೊಟ್ಟಿಯಿತ್ತು. ಅದೂ ಒಣಗಿ ಬಿದ್ದಿತ್ತು. ಇಂಜಿನಿಯರು ಕರಿಹಲಗೆಯ ಮೇಲೆ ಲೆಕ್ಕ ಹಾಕಿ ತೋರಿಸಿದರು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಮಾಡು 200 ಚದರ ಮೀಟರ್, ವರ್ಷದ ಮಳೆ 800 ಮಿಲಿಮೀಟರ್ ಎಂದಿಟ್ಟುಕೊಂಡರೆ 1,60,000 ಲೀಟರ್. ಐದರಲ್ಲಿ ಒಂದು ಪಾಲು ನಷ್ಟವಾದರೂ 1,28,000 ಲೀಟರ್ ಉಳಿಯುತ್ತದೆ. ಎಂಬತ್ತು ಮಕ್ಕಳು, 220 ದಿನದ ಶಾಲೆ. ತಲೆಗೆ ದಿನವೊಂದಕ್ಕೆ ಏಳು ಲೀಟರಿಗಿಂತ ಹೆಚ್ಚು. ಅಷ್ಟನ್ನೂ ಹಿಡಿದಿಡುವ ತೊಟ್ಟಿ ಯಾರಲ್ಲಿಯೂ ಇರುವುದಿಲ್ಲ ನಿಜ. ಆದರೆ ತುಂಬಿ ಮಿಕ್ಕದ್ದು ಇಂಗುಗುಂಡಿಗೆ ಹೋದರೆ ಕೊಳವೆಬಾವಿಗೆ ಅದೇ ಬಂಡವಾಳ. ಲೆಕ್ಕ ಸುಲಭ. ಆದರೆ ಅದು ನೀರಾಗಬೇಕಾದರೆ ತಗಡಿನ ದೋಣಿಯನ್ನು ಮಳೆಗಾಲಕ್ಕೆ ಮುನ್ನ ಗುಡಿಸಬೇಕು, ಮೊದಲ ಮಳೆಯ ಕೊಳೆನೀರನ್ನು ಹೊರಕ್ಕೆ ಬಿಡಬೇಕು, ಸೋಸುವ ಮರಳನ್ನು ತೊಳೆಯಬೇಕು, ಕುಡಿಯುವ ಮುನ್ನ ಕಾಯಿಸಬೇಕು. ಈ ನಾಲ್ಕು ‘ಬೇಕು’ಗಳಿಗೆ ಯಾರು ಹೊಣೆ ಎಂಬುದು ತೀರ್ಮಾನವಾಗದಿದ್ದರೆ ತೊಟ್ಟಿ ಕಟ್ಟದಿರುವುದೇ ಲೇಸು. ಕರಿಹಲಗೆಯ ಆ ಲೆಕ್ಕವನ್ನು ಕಿಟಕಿಯಲ್ಲಿ ಇಣುಕುತ್ತಿದ್ದ ಏಳನೆಯ ತರಗತಿಯ ಹುಡುಗಿಯೊಬ್ಬಳು ತನ್ನ ಪುಸ್ತಕದಲ್ಲಿ ಬರೆದುಕೊಂಡದ್ದನ್ನು ಕಂಡೆ. ಶಾಲೆಯ ಮಾಡು ಗಣಿತದ ಪಾಠವೂ ಆಗಬಲ್ಲುದೆಂದು ನನಗೆ ಅದುವರೆಗೆ ಹೊಳೆದಿರಲಿಲ್ಲ.

ಮೂರು ಸಭೆಗಳಾದ ಮೇಲೆ ಒಂದು ನಿರ್ಧಾರಕ್ಕೆ ಬಂದೆವು. ಪಡುವಣದ ಎರಡು ಕೋಣೆಗಳನ್ನು ಕೆಡವಲೇಬೇಕು. ಮಕ್ಕಳ ಜೀವದ ಮುಂದೆ ಹಳೆಯ ಗೋಡೆಯ ಮೇಲಿನ ಮೋಹ ಸಲ್ಲದು. ಕೆಡವಿದ ಗೋಡೆಯ ಮಣ್ಣನ್ನು ಪರೀಕ್ಷಿಸಿ ಅದರಿಂದಲೇ ಒತ್ತಿಟ್ಟಿಗೆ ಮಾಡಿಸಬೇಕು; ಬಾಗಿಲ ತಲೆಯ ಮಟ್ಟದಲ್ಲಿ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಯಿಸಬೇಕು; ಮಾಡಿಗೆ ಗಟ್ಟಿಯಿರುವ ಹಳೆಯ ಹೆಂಚುಗಳನ್ನೇ ಹೊದಿಸಬೇಕು. ಉಳಿದ ಮೂರು ಕೋಣೆಗಳನ್ನು ಉಳಿಸಿಕೊಂಡು ಗೋಡೆಯ ಬುಡಕ್ಕೆ ನೀರು ತಾಕದಂತೆ ಸುತ್ತ ಚರಂಡಿ ತೆಗೆಯಬೇಕು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರಿನ ದಾರಿ, ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿನ ಕೊಳಾಯಿ. ಹೊರಗೋಡೆಗೆ ಒಳ್ಳೆಯ ಬಣ್ಣ. ತರುಣನ ಒತ್ತಾಯದಿಂದ ಸೇರಿದ ಈ ಕೊನೆಯ ಅಂಶ ಬಹಳ ಯೋಗ್ಯವಾದದ್ದೆಂದು ಈಗ ಅನ್ನಿಸುತ್ತದೆ. ಕೂಡಿದ ಹಣದಲ್ಲಿ ಐದರಲ್ಲೊಂದು ಪಾಲನ್ನು ಮುಟ್ಟದೆ ಬ್ಯಾಂಕಿನಲ್ಲಿರಿಸಿ, ಅದರ ಬಡ್ಡಿಯಿಂದ ಪ್ರತಿ ಮೇ ತಿಂಗಳಿನಲ್ಲಿ ಜೀರ್ಣೋದ್ಧಾರ ನಡೆಸಬೇಕೆಂದೂ ಗೊತ್ತುಮಾಡಿದೆವು. ವಿನಂತಿಪತ್ರದಲ್ಲಿ ಈ ಅಂಶವನ್ನು ನಾನು ಮೊದಲ ಸಾಲಿನಲ್ಲಿಯೇ ಬರೆದೆ. ಎರಡಂತಸ್ತಿನ ಕಟ್ಟಡವಿಲ್ಲವೆಂದು ತಿಳಿದು ಇಬ್ಬರು ದಾನಿಗಳು ಹಿಂದೆ ಸರಿದರು. ಅವರನ್ನು ನಿಂದಿಸಲು ನನಗೆ ಬಾಯಿಲ್ಲ. 2009ರಲ್ಲಿ ನಾನೂ ಅವರಂತೆಯೇ ಇದ್ದೆ.

ಕೆಲಸ ಇನ್ನೂ ಪೂರ್ತಿ ಮುಗಿದಿಲ್ಲ. ಎರಡು ಕೋಣೆಗಳಲ್ಲಿ ಒಂದು ಎದ್ದಿದೆ. ಮಕ್ಕಳ ಸಂಖ್ಯೆ ಹೆಚ್ಚಿತೇ ಎಂದು ಕೇಳಿದರೆ, ಈ ವರ್ಷ ಎಂಬತ್ತು ಎಂಬತ್ತಾಗಿಯೇ ಉಳಿಯಿತು ಎಂದಷ್ಟೇ ಹೇಳಬಲ್ಲೆ. ಆ ತರುಣನ ಮಗಳು ಈಗ ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ಬಂದಿದ್ದಾಳೆ.

ತಂದೆಯವರ ಹೆಸರಿನ ಕೋಣೆಯ ಸಡಿಲ ಗಾರೆಯನ್ನು ಕೆತ್ತಿಸಿ, ಸರಳುಗಳ ತುಕ್ಕು ತೆಗೆಸಿ, ಮತ್ತೆ ಗಾರೆ ಮಾಡಿಸಿದೆವು. ತಾರಸಿಗೆ ನೀರು ಓಡುವಂತೆ ಇಳುಕಲು ಕೊಟ್ಟು ಬಿಳಿ ಸುಣ್ಣ ಬಳಿಸಿದೆವು. ಅದು ಮುಗಿದ ದಿನ ನಾನು ಮುಖ್ಯೋಪಾಧ್ಯಾಯಿನಿಯವರನ್ನು, “ಫಲಕ ಮಾಸಿದೆ, ಬೇರೆ ಕಲ್ಲು ಕೆತ್ತಿಸೋಣವೇ ಮೇಡಂ?” ಎಂದು ಕೇಳಿದೆ. ಅವರು ಸ್ವಲ್ಪ ಸಂಕೋಚದಿಂದಲೇ, “ಕಲ್ಲು ಇದ್ದದ್ದೇ ಇರಲಿ ಸಾರ್. ಒಂದು ಏಣಿ ಕೊಡಿಸಿ” ಎಂದರು.

ಕೊಡಿಸಿದೆ. ಕಬ್ಬಿಣದ್ದು, ಹನ್ನೆರಡು ಮೆಟ್ಟಿಲಿನದು. ಕಳೆದ ಮೇ ತಿಂಗಳ ಕೊನೆಯ ಭಾನುವಾರ ಅದನ್ನು ಹತ್ತಿ ಹೊಂಗೆಯ ಎಲೆ ಬಳಿದು ಕೆಳಕ್ಕೆ ಹಾಕಿದವನು ಆ ತರುಣ. ಕೆಳಗೆ ಬುಟ್ಟಿ ಹಿಡಿದು ನಿಂತಿದ್ದವನು ನಾನು. ಆಮೇಲೆ ಅದೇ ಏಣಿಯನ್ನು ಹಳೆಯ ಕಟ್ಟಡದ ಗೋಡೆಗೆ ಚಾಚಿ ಹೆಂಚು ಕೈಯಾಡಿಸಿದೆವು. ಮಧ್ಯಾಹ್ನಕ್ಕೆ ಯಾರದೋ ಮನೆಯಿಂದ ಮಜ್ಜಿಗೆ ಬಂತು.